ಸಿಂಕ್ 52, ಸ್ಪೀಡ್ ಟೆಸ್ಟ್ 22: ಬ್ರಿಟನ್ನಿನ ಬ್ರಾಡ್‌ಬ್ಯಾಂಡ್ ಲೈನಿನಲ್ಲಿ ವೇಗ ಎಲ್ಲಿ ಸಿಕ್ಕಿಕೊಂಡಿದೆ ಅಂತ ಪತ್ತೆ ಮಾಡುವ ಬಗೆ

ರೂಟರ್ ಪುಟ ತೆರೆದರೆ ಸಿಂಕ್, ಅಂದರೆ ಲೈನಿನ ವೇಗ, 52 ಎಂಬಿಪಿಎಸ್ ಅಂತ ಕಾಣುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ 22 ದಾಟುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ "ಲೈನ್ ಚೆನ್ನಾಗಿದೆ, ನಿಮ್ಮ ವೈಫೈ ನೋಡಿಕೊಳ್ಳಿ" ಅಂತಾರೆ. ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಈ ಮಾತು ಆಗಾಗ ಕೇಳುತ್ತಿರುತ್ತೇನೆ. ಈ ಎರಡು ಸಂಖ್ಯೆಗಳ ನಡುವೆ ಇನ್ನೊಂದು ಸಂಖ್ಯೆ ಇದೆ. ಅದರ ಹೆಸರು ಐಪಿ ಪ್ರೊಫೈಲ್. ಅದನ್ನು ನೋಡದೆ ದೂರು ಕೊಟ್ಟರೆ ವಾರಗಟ್ಟಲೆ ಅಲೆದಾಟ. ನೋಡಿ ಕೊಟ್ಟರೆ ಎಷ್ಟೋ ಸಲ ಒಂದೇ ಫೋನಿನಲ್ಲಿ ಕೆಲಸ ಮುಗಿಯುತ್ತದೆ.

ಮೊದಲೇ ಒಂದು ಮಾತು. ಇದು ಬಿಟಿ ಹೋಲ್‌ಸೇಲ್ (ಬೇರೆ ಕಂಪನಿಗಳಿಗೆ ಸಗಟಾಗಿ ಜಾಲ ಕೊಡುವ ಬಿಟಿಯ ವಿಭಾಗ) ಜಾಲದ ಮೇಲೆ ಸೇವೆ ಕೊಡುವ ಕಂಪನಿಗಳ ಗ್ರಾಹಕರಿಗೆ, ಅದರಲ್ಲೂ ಮನೆಗೆ ತಾಮ್ರದ ತಂತಿಯಲ್ಲೇ ಇಂಟರ್‌ನೆಟ್ ಬರುವವರಿಗೆ. ಎಕ್ಸ್‌ಚೇಂಜ್‌ನಿಂದಲೇ ತಾಮ್ರ ಬರುವ ಎಡಿಎಸ್‌ಎಲ್ 2 ಪ್ಲಸ್ ಇರಬಹುದು, ಬೀದಿಯ ಹಸಿರು ಕ್ಯಾಬಿನೆಟ್‌ವರೆಗೆ ಫೈಬರ್ ಬಂದು ಅಲ್ಲಿಂದ ತಾಮ್ರವಾಗುವ ಎಫ್‌ಟಿಟಿಸಿ ಇರಬಹುದು. ಸ್ಕೈ, ಟಾಕ್‌ಟಾಕ್ ಥರದ ಕಂಪನಿಗಳು ತಮ್ಮದೇ ಜಾಲ ಬಳಸುವುದರಿಂದ ಅಲ್ಲಿ ಈ ಐಪಿ ಪ್ರೊಫೈಲ್ ಇರುವುದಿಲ್ಲ. ಅವರ ಗ್ರಾಹಕರು ಪ್ರೊಫೈಲ್ ಭಾಗ ಬಿಟ್ಟು ಉಳಿದದ್ದು ಓದಿದರೆ ಸಾಕು. ಮನೆಯೊಳಗೇ ಫೈಬರ್ ಬಂದಿದ್ದರೆ ಈ ಅರ್ಥದ ಸಿಂಕ್ ರೇಟೇ ಇಲ್ಲ.

ಮೂರು ಸಂಖ್ಯೆ, ಮೂರು ಜಾಗ

ಸಿಂಕ್ ರೇಟ್ ಅಂದರೆ ನಿಮ್ಮ ರೂಟರ್ ಮತ್ತು ತಂತಿಯ ಆ ತುದಿಯಲ್ಲಿರುವ ಯಂತ್ರ ಪರಸ್ಪರ ಒಪ್ಪಿಕೊಂಡ ವೇಗ. ತಂತಿಯ ಉದ್ದ, ಅದರ ಗುಣ, ಸುತ್ತಲಿನ ವಿದ್ಯುತ್ ಗದ್ದಲ ನೋಡಿ ಇದು ತೀರ್ಮಾನವಾಗುತ್ತದೆ. ಸಾಮಾನ್ಯವಾಗಿ ಒಮ್ಮೆ ಸಿಂಕ್ ಆದ ಮೇಲೆ ಲೈನ್ ಕಡಿದು ಮತ್ತೆ ಸೇರುವವರೆಗೆ ಅದೇ ಸಂಖ್ಯೆ ನಿಂತಿರುತ್ತದೆ.

ಐಪಿ ಪ್ರೊಫೈಲ್ ಇರುವುದು ಜಾಲದ ಒಳಗೆ. ಹಳಬರು ಇದನ್ನು ಬ್ರಾಸ್ ಪ್ರೊಫೈಲ್ ಅಂತಲೂ ಕರೆಯುತ್ತಾರೆ. ನಿಮ್ಮ ಲೈನಿನ ಕಡೆಗೆ ಎಷ್ಟು ವೇಗದಲ್ಲಿ ಡೇಟಾ ಬಿಡಬೇಕು ಅಂತ ಅಲ್ಲಿ ಒಂದು ಮಿತಿ ಹಾಕಿರುತ್ತಾರೆ. ಮದುವೆ ಮನೆಯಲ್ಲಿ ಊಟದ ಹಾಲ್ ಬಾಗಿಲಲ್ಲಿ ಒಬ್ಬರು ನಿಂತಿರುತ್ತಾರಲ್ಲ, ಒಳಗೆ ಎಷ್ಟು ಎಲೆ ಹಾಕಿದೆಯೋ ಅಷ್ಟೇ ಜನರನ್ನು ಬಿಡುವವರು, ಈ ಪ್ರೊಫೈಲಿನ ಕೆಲಸ ಅದೇ. ಒಳಗೆ ಎಲೆ ಕಡಿಮೆ ಇದ್ದಾಗ ಜನ ನುಗ್ಗಿದರೆ ಗೊಂದಲ. ಒಳಗೆ ಹೊಸ ಎಲೆ ಹಾಕಿದ್ದು ಬಾಗಿಲಲ್ಲಿ ನಿಂತವರಿಗೆ ಗೊತ್ತಾಗದಿದ್ದರೆ ಎಲೆ ಖಾಲಿ, ಹೊರಗೆ ಸಾಲು. ಶುರುವಿನಲ್ಲಿ ಹೇಳಿದ 52 ಮತ್ತು 22ರ ಕಥೆ ಈ ಎರಡನೆಯದು.

ಈ ಮಿತಿ ಸುಮ್ನೆ ಹಾಕಿದ್ದಲ್ಲ. 5 ಎಂಬಿಪಿಎಸ್ ಲೈನಿಗೆ ಜಾಲ 20ರ ವೇಗದಲ್ಲಿ ಡೇಟಾ ಸುರಿದರೆ ತಂತಿಯ ತುದಿಯ ಯಂತ್ರದಲ್ಲಿ ಅದು ರಾಶಿ ಬೀಳುತ್ತದೆ, ಉಕ್ಕಿದ್ದು ನಷ್ಟವಾಗುತ್ತದೆ. ಎಡಿಎಸ್‌ಎಲ್‌ನಲ್ಲಿ ಇದು ಇನ್ನೂ ಕೆಟ್ಟದ್ದು. ಅಲ್ಲಿ ಪ್ರತಿ ಪ್ಯಾಕೆಟ್ಟನ್ನೂ ಸಣ್ಣ ಸೆಲ್‌ಗಳಾಗಿ ಕತ್ತರಿಸಿ ಕಳಿಸುತ್ತಾರೆ. ಒಂದು ಸೆಲ್ ಹೋದರೂ ಇಡೀ ಪ್ಯಾಕೆಟ್ ಮತ್ತೆ ಬರಬೇಕು.

ಮೂರನೆಯದು ನಿಮ್ಮ ಕೈಗೆ ನಿಜವಾಗಿ ಸಿಗುವ ವೇಗ. ಸ್ಪೀಡ್ ಟೆಸ್ಟ್ ತೋರಿಸುವುದು ಇದನ್ನೇ.

ಊರಲ್ಲಿ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಹಾಕಿಸಿದ್ದವರಿಗೆ ಇಂಥದ್ದೇ ಒಂದು ನೆನಪಿರಬಹುದು. 256 ಕೆಬಿಪಿಎಸ್ ಪ್ಲಾನ್ ಇದ್ದ ಕಾಲದಲ್ಲೂ ಮೋಡೆಮ್ ಪುಟದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಸಿಂಕ್ ಕಾಣುತ್ತಿತ್ತು. ಅಲ್ಲಿ ಮಿತಿ ಬರುತ್ತಿದ್ದದ್ದು ನೀವು ಕಟ್ಟುವ ದುಡ್ಡಿನ ಮೇಲೆ. ಪ್ಲಾನ್ ಬದಲಿಸಿದರೆ ವೇಗ ಏರುತ್ತಿತ್ತು. ಆ ಅನುಭವದಿಂದಲೇ ಎಷ್ಟೋ ಜನ ಇಲ್ಲಿಯೂ ವೇಗ ಕಡಿಮೆಯಾದ ಕೂಡಲೇ ದುಬಾರಿ ಪ್ಯಾಕೇಜಿಗೆ ಹೋಗುತ್ತಾರೆ. ಇಲ್ಲಿ ಐಪಿ ಪ್ರೊಫೈಲ್ ಸಿಂಕಿನ ಲೆಕ್ಕದಲ್ಲಿ ತಾನಾಗಿ ಬರುವಂಥದ್ದು. ಸಿಕ್ಕಿಕೊಂಡ ಪ್ರೊಫೈಲಿಗೆ ಪ್ಯಾಕೇಜ್ ಮದ್ದಲ್ಲ. ದಯವಿಟ್ಟು ಲೆಕ್ಕ ನೋಡದೆ ಆ ಖರ್ಚು ಮಾಡಬೇಡಿ.

ಎಷ್ಟು ಕಡಿಮೆಯಾದರೆ ಸಹಜ?

ಎಫ್‌ಟಿಟಿಸಿಯಲ್ಲಿ ಐಪಿ ಪ್ರೊಫೈಲ್ ಸಿಂಕ್ ರೇಟಿನ ಶೇ. 96.79. ಎಡಿಎಸ್‌ಎಲ್ 2 ಪ್ಲಸ್‌ನಲ್ಲಿ ಶೇ. 88.2. ಈ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ, ಇಡೀ ಪತ್ತೆ ಕೆಲಸ ಇದರ ಮೇಲೇ ನಿಂತಿದೆ.

80/20 ಪ್ಯಾಕೇಜಿನಲ್ಲಿ (ಡೌನ್‌ಲೋಡ್ 80, ಅಪ್‌ಲೋಡ್ 20) ಲೈನ್ ಪೂರ್ತಿ ಸಿಂಕ್ ಆದರೆ ರೂಟರ್ 79,999 ಕೆಬಿಪಿಎಸ್ ತೋರಿಸುತ್ತದೆ (ಸಾವಿರ ಕೆಬಿಪಿಎಸ್ ಅಂದರೆ ಒಂದು ಎಂಬಿಪಿಎಸ್). ಅದರ ಪ್ರೊಫೈಲ್ 77.43 ಎಂಬಿಪಿಎಸ್. 40ರ ಪ್ಯಾಕೇಜಿನಲ್ಲಿ 39,999ಕ್ಕೆ 38.71. ಪ್ರೊಫೈಲ್ ಪುಟದಲ್ಲಿ ಈ ಸಂಖ್ಯೆಗಳೇ ಕಂಡರೆ ಆ ಕಡೆ ದೋಷವೇನೂ ಇಲ್ಲ.

ಎಡಿಎಸ್‌ಎಲ್‌ನಲ್ಲಿ ಯಾಕೆ ಅಷ್ಟೊಂದು ಕಡಿತ ಅಂತ ಕೇಳುತ್ತಾರೆ. ಒಂದು ಪ್ಯಾಕೆಟ್ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. 1,500 ಬೈಟ್ ಪ್ಯಾಕೆಟ್ಟಿಗೆ ಸುತ್ತುವ ಹೊದಿಕೆ ಸುಮಾರು 10 ಬೈಟ್. ಒಟ್ಟು 1,510. ಒಂದು ಸೆಲ್ಲಿನಲ್ಲಿ ಹಿಡಿಸುವುದು 48 ಬೈಟ್, ಹಾಗಾಗಿ 32 ಸೆಲ್ ಬೇಕು. ಪ್ರತಿ ಸೆಲ್ಲಿಗೂ 5 ಬೈಟ್ ವಿಳಾಸದ ಚೀಟಿ ಸೇರಿ ತಂತಿಯ ಮೇಲೆ ಹೋಗುವುದು 53. 32ನ್ನು 53ರಿಂದ ಗುಣಿಸಿದರೆ 1,696. ಅಂದರೆ 1,500 ಬೈಟ್ ಕಳಿಸಲು ತಂತಿಯಲ್ಲಿ 1,696 ಬೈಟ್ ಓಡಬೇಕು. ಭಾಗಿಸಿದರೆ ಶೇ. 88ರ ಆಸುಪಾಸು ಬರುತ್ತದೆ. ಇದು ಯಾರೂ ಕದ್ದಿದ್ದಲ್ಲ, ಆ ತಂತ್ರಜ್ಞಾನದ ಸಾಗಣೆ ಖರ್ಚು. ಎಫ್‌ಟಿಟಿಸಿಯಲ್ಲಿ ಈ ಸೆಲ್‌ಗಳಾಗಿ ಕತ್ತರಿಸುವ ಕೆಲಸ ಇಲ್ಲ, ಅದಕ್ಕೇ ಕಡಿತವೂ ಕಡಿಮೆ.

ಪ್ರೊಫೈಲಿನಿಂದ ಸ್ಪೀಡ್ ಟೆಸ್ಟಿಗೆ ಬರುವಾಗ ಇನ್ನೂ ಸ್ವಲ್ಪ ಇಳಿಯುತ್ತದೆ. ಪ್ರತಿ ಪ್ಯಾಕೆಟ್ಟಿನಲ್ಲಿ ಸುಮಾರು 40 ಬೈಟ್ ವಿಳಾಸ, ಲೆಕ್ಕಪತ್ರಕ್ಕೇ ಹೋಗುತ್ತದೆ. 77.43 ಪ್ರೊಫೈಲ್ ಇದ್ದವರಿಗೆ ಟೆಸ್ಟಿನಲ್ಲಿ 75 ಬಂದರೆ ಅದು ಪೂರ್ತಿ ವೇಗ. ಅದಕ್ಕಾಗಿ ದೂರು ಕೊಡಬೇಕಿಲ್ಲ.

ಸಂಖ್ಯೆಗಳನ್ನು ಓದುವುದು

ಸಿಂಕ್ ರೇಟ್ ರೂಟರ್ ಪುಟದಲ್ಲೇ ಸಿಗುತ್ತದೆ. ಡಿಎಸ್‌ಎಲ್ ಸ್ಟೇಟಸ್, ಬ್ರಾಡ್‌ಬ್ಯಾಂಡ್ ಸ್ಟೇಟಸ್, ಡೇಟಾ ರೇಟ್, ಹೀಗೆ ಒಂದೊಂದು ರೂಟರಿನಲ್ಲಿ ಒಂದೊಂದು ಹೆಸರು. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಅದೇ ಪುಟದಲ್ಲಿ ಮ್ಯಾಕ್ಸಿಮಮ್ ಅಥವಾ ಅಟೇನಬಲ್ ರೇಟ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದು ರೂಟರಿನ ಅಂದಾಜು ಮಾತ್ರ. ಲೆಕ್ಕಕ್ಕೆ ಬೇಕಾದ್ದು ಈಗ ನಡೆಯುತ್ತಿರುವ ಡೌನ್‌ಸ್ಟ್ರೀಮ್ ದರ. ಪಕ್ಕದಲ್ಲೇ ಎಸ್‌ಎನ್‌ಆರ್ ಮಾರ್ಜಿನ್, ಅಂದರೆ ಗದ್ದಲ ಇನ್ನೆಷ್ಟು ಹೆಚ್ಚಾದರೂ ಲೈನ್ ತಡೆದುಕೊಳ್ಳುತ್ತದೆ ಅನ್ನುವ ಅಳತೆ, ಡಿಬಿ ಲೆಕ್ಕದಲ್ಲಿ ಇರುತ್ತದೆ. ಲೈನ್ ಎಷ್ಟು ಹೊತ್ತಿನಿಂದ ಕಡಿಯದೆ ನಿಂತಿದೆ ಅನ್ನುವುದೂ ಸಿಗುತ್ತದೆ. ಎಲ್ಲವನ್ನೂ ಬರೆದಿಟ್ಟುಕೊಳ್ಳಿ, ಫೋಟೋ ತೆಗೆದರೆ ಇನ್ನೂ ಒಳ್ಳೆಯದು.

ಪ್ರೊಫೈಲ್ ನೋಡಲು ಬಿಟಿ ಹೋಲ್‌ಸೇಲ್‌ನವರದೇ ಪರ್ಫಾರ್ಮೆನ್ಸ್ ಟೆಸ್ಟರ್ ಇದೆ. ಮೊದಲ ಟೆಸ್ಟ್ ಮುಗಿದ ಮೇಲೆ ಫರ್ದರ್ ಡಯಾಗ್ನೊಸ್ಟಿಕ್ಸ್ ಅಂತ ಒಂದು ಹೆಜ್ಜೆ ಬರುತ್ತದೆ. ಸಾಮಾನ್ಯವಾಗಿ ಜನ ಅಷ್ಟರಲ್ಲಿ ಪುಟ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ, ಪ್ರೊಫೈಲ್ ತೋರಿಸುವುದು ಆ ಹೆಜ್ಜೆಯಲ್ಲೇ. ಅಲ್ಲಿ ಸಿಗದಿದ್ದರೆ ಕಂಪನಿಯವರನ್ನು ಕೇಳಿದರೆ ಹೇಳುತ್ತಾರೆ.

ಸ್ಪೀಡ್ ಟೆಸ್ಟನ್ನು ಕೇಬಲ್ ಹಾಕಿಯೇ ಮಾಡಿ. ಲ್ಯಾಪ್‌ಟಾಪ್ ನೇರ ರೂಟರಿಗೆ, ಮನೆಯಲ್ಲಿ ಉಳಿದವರ ವಿಡಿಯೋ ಎಲ್ಲ ನಿಲ್ಲಿಸಿ. ವೈಫೈ ಮೇಲೆ ಮಾಡಿದ ಟೆಸ್ಟ್ ಲೈನಿನ ಬಗ್ಗೆ ಏನೂ ಹೇಳುವುದಿಲ್ಲ. ಮೂರು ಸಂಖ್ಯೆಗಳನ್ನೂ ಒಂದೇ ಹೊತ್ತಿನಲ್ಲಿ ತೆಗೆದುಕೊಳ್ಳುವುದು ಮುಖ್ಯ. ಬೆಳಿಗ್ಗೆಯ ಸಿಂಕಿಗೂ ರಾತ್ರಿಯ ಪ್ರೊಫೈಲಿಗೂ ತಾಳೆ ಹಾಕಿದರೆ ತಪ್ಪು ಜಾಗಕ್ಕೇ ಹೋಗಿ ನಿಲ್ಲುತ್ತೀರಿ.

ಪ್ರೊಫೈಲ್ ಹಿಂದೆ ಉಳಿದಿದ್ದರೆ

ಶುರುವಿನ ಉದಾಹರಣೆಯನ್ನೇ ಹತ್ತಿರದಿಂದ ನೋಡೋಣ. ಎಫ್‌ಟಿಟಿಸಿ ಲೈನ್. ಸಿಂಕ್ 52,396 ಕೆಬಿಪಿಎಸ್. ಅದರ ಶೇ. 96.79 ಅಂದರೆ 50.71 ಎಂಬಿಪಿಎಸ್ ಪ್ರೊಫೈಲ್ ಇರಬೇಕು. ಪುಟದಲ್ಲಿ ಕಾಣುವುದು 23.42. ಸ್ಪೀಡ್ ಟೆಸ್ಟ್ 22.6. ಟೆಸ್ಟೂ ಪ್ರೊಫೈಲೂ ಹೊಂದಿಕೊಳ್ಳುತ್ತವೆ, ಪ್ರೊಫೈಲೂ ಸಿಂಕೂ ಹೊಂದುವುದಿಲ್ಲ. ಅಂದರೆ ತಡೆ ಇರುವುದು ಜಾಲದಲ್ಲಿ. ಮನೆಯ ವೈರಿಂಗ್, ಫಿಲ್ಟರ್, ವೈಫೈ ಯಾವುದನ್ನೂ ಮುಟ್ಟಬೇಕಿಲ್ಲ.

ಈಗ ಲೆಕ್ಕವನ್ನು ತಿರುಗಿಸಿ. 23.42ನ್ನು 0.9679ರಿಂದ ಭಾಗಿಸಿ. ಸುಮಾರು 24.2 ಬರುತ್ತದೆ. ಅಂದರೆ ಯಾವಾಗಲೋ ಒಮ್ಮೆ ಈ ಲೈನ್ 24.2 ಎಂಬಿಪಿಎಸ್‌ಗೆ ಸಿಂಕ್ ಆಗಿತ್ತು, ಜಾಲ ಇನ್ನೂ ಆ ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡಿದೆ. ರೂಟರಿನ ಲಾಗ್ ತೆರೆದು ಹುಡುಕಿ. ಗುಡುಗು ಮಳೆ ಬಂದ ಸಂಜೆಯೋ, ಕರೆಂಟು ಹೋಗಿ ಬಂದ ಹೊತ್ತೋ, ಆ 24,000 ಚಿಲ್ಲರೆಯ ಸಿಂಕ್ ಅಲ್ಲಿ ಸಿಕ್ಕರೆ ನಿಮ್ಮ ಕೈಯಲ್ಲಿ ಪುರಾವೆ ಇದ್ದಂತೆ. ಈ ಭಾಗಾಕಾರ ನನಗೆ ಬಹಳ ಇಷ್ಟ. "ಸ್ಲೋ ಆಗಿದೆ" ಅನ್ನುವ ಮಾತನ್ನು ಇದು "ಇಂಥ ದಿನದ ಸಿಂಕಿನಲ್ಲಿ ಪ್ರೊಫೈಲ್ ನಿಂತುಬಿಟ್ಟಿದೆ" ಅಂತ ಬದಲಿಸುತ್ತದೆ.

ಪರಿಹಾರಕ್ಕೆ ಮೊದಲ ಹೆಜ್ಜೆ, ರೂಟರ್ ಪುಟದಲ್ಲೇ ಇಂಟರ್‌ನೆಟ್ ಸಂಪರ್ಕವನ್ನು ಡಿಸ್‌ಕನೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡುವುದು. ಇದರಲ್ಲಿ ತಂತಿಯ ಸಿಂಕ್ ಕಡಿಯುವುದಿಲ್ಲ, ಮೇಲಿನ ಲಾಗಿನ್ (ಸೆಷನ್) ಮಾತ್ರ ಹೊಸದಾಗುತ್ತದೆ. ಬಹಳಷ್ಟು ಸಲ ಹೊಸ ಲಾಗಿನ್ ಜೊತೆಗೆ ಹೊಸ ದರವೂ ಜಾಲಕ್ಕೆ ತಲುಪುತ್ತದೆ. ರೂಟರಿನಲ್ಲಿ ಆ ಗುಂಡಿ ಇಲ್ಲದಿದ್ದರೆ ಒಂದೇ ಒಂದು ಸಲ ರೀಸ್ಟಾರ್ಟ್ ಮಾಡಿ, ಹಗಲು ಹೊತ್ತಿನಲ್ಲಿ. ಆಮೇಲೆ ಮತ್ತೆ ಪ್ರೊಫೈಲ್ ನೋಡಿ. ಮಾರನೇ ದಿನವೂ ಅದೇ ಹಳೆಯ ಸಂಖ್ಯೆ ಇದ್ದರೆ ನಿಮ್ಮ ಕಡೆಯಿಂದ ಮಾಡುವುದು ಇನ್ನೇನೂ ಇಲ್ಲ. ಪ್ರೊಫೈಲನ್ನು ಹೊಸ ಸಿಂಕಿಗೆ ಸರಿಯಾಗಿ ಮತ್ತೆ ಹಾಕಿಸುವುದು ಕಂಪನಿಯ ಕೆಲಸ.

"ಮೂರು ದಿನ ಕಾಯಿರಿ, ತಾನೇ ಏರುತ್ತೆ" ಅಂತ ಹೇಳುವವರು ಸಿಗುತ್ತಾರೆ. ಆ ಮಾತು ಬಂದದ್ದು ಎಲ್ಲಿಂದ ಅಂತ ತಿಳಿದಿದ್ದರೆ ಒಳ್ಳೆಯದು. 2006ರಲ್ಲಿ ಬಿಟಿ 8 ಎಂಬಿಪಿಎಸ್‌ವರೆಗಿನ ಎಡಿಎಸ್‌ಎಲ್ ಮ್ಯಾಕ್ಸ್ ತಂದಿತು. ಅದರಲ್ಲಿ ಪ್ರೊಫೈಲ್ ಮೆಟ್ಟಿಲು ಮೆಟ್ಟಿಲಾಗಿ ಇತ್ತು, ಬಹುಪಾಲು 500 ಕೆಬಿಪಿಎಸ್‌ಗೆ ಒಂದು ಮೆಟ್ಟಿಲು. ಸಿಂಕ್ 4,544 ಇದ್ದರೆ ಪ್ರೊಫೈಲ್ 4,000. ಒಂದೇ ಹೆಜ್ಜೆ ಕೆಳಗೆ 4,512 ಆದರೆ 3,500. ಗರಿಷ್ಠ ಸಿಂಕ್ 8,128ಕ್ಕೆ ಸಿಗುತ್ತಿದ್ದದ್ದು 7,150. ಸಿಂಕ್ ಇಳಿದರೆ ಪ್ರೊಫೈಲ್ ಬೇಗನೇ ಇಳಿಯುತ್ತಿತ್ತು, ಏರಬೇಕಾದರೆ ದಿನಗಟ್ಟಲೆ ಕಾಯಬೇಕಿತ್ತು. ರಾತ್ರಿ ಒಂದು ಗಳಿಗೆ ಲೈನ್ ಕೆಟ್ಟರೂ ಮೂರು ದಿನ ನಿಧಾನ. ಆ ಕಾಲಕ್ಕೆ ಆ ಸಲಹೆ ಸರಿ. ಈಗಿನ ಎಡಿಎಸ್‌ಎಲ್ 2 ಪ್ಲಸ್, ಎಫ್‌ಟಿಟಿಸಿ ಲೈನುಗಳಲ್ಲಿ ಮೆಟ್ಟಿಲಿಲ್ಲ, ನೇರ ಶೇಕಡಾ ಲೆಕ್ಕ, ಬದಲಾವಣೆಯೂ ಬೇಗ ಆಗಬೇಕು. ಆದ್ದರಿಂದ ಕಾಯಿರಿ ಅನ್ನುವ ಉತ್ತರವನ್ನು ಹಾಗೇ ಒಪ್ಪಿಕೊಳ್ಳಬೇಡಿ.

ಸಿಂಕೇ ಬಿದ್ದಿದ್ದರೆ

ಪ್ರೊಫೈಲ್ ಸಿಂಕಿಗೆ ಸರಿಯಾಗಿಯೇ ಇದೆ, ಆದರೆ ಸಿಂಕೇ ಮೊದಲಿನಷ್ಟಿಲ್ಲ. ಹಾಗಾದರೆ ಪ್ರೊಫೈಲಿನ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ಅದು ಸಿಂಕ್ ಹೋದಲ್ಲಿಗೆ ಹೋಗುತ್ತದೆ.

ಇಲ್ಲಿ ಮಾರ್ಜಿನ್ ನೋಡಬೇಕು. ಸಾಮಾನ್ಯವಾಗಿ ಲೈನ್ ಸಿಂಕ್ ಆಗುವಾಗ 6 ಡಿಬಿ ಮಾರ್ಜಿನ್ ಉಳಿಸಿಕೊಂಡು ಸಿಂಕ್ ಆಗುತ್ತದೆ. ಈಗ ರೂಟರ್ 11 ಡಿಬಿ ತೋರಿಸುತ್ತಿದ್ದರೆ ಎರಡು ಸಾಧ್ಯತೆ. ಒಂದು, ಲೈನ್ ಯಾವುದೋ ಕೆಟ್ಟ ಗಳಿಗೆಯಲ್ಲಿ, ಗದ್ದಲ ಜಾಸ್ತಿ ಇದ್ದಾಗ ಸಿಂಕ್ ಆಗಿದೆ. ಗದ್ದಲ ಹೋಗಿದೆ, ಕಡಿಮೆ ವೇಗ ಹಾಗೇ ಉಳಿದಿದೆ. ಹಗಲಿನಲ್ಲಿ ಒಂದು ಸಲ ರೀಸಿಂಕ್ ಮಾಡಿದರೆ, ಅಂದರೆ ಲೈನ್ ಕಡಿದು ಮತ್ತೆ ಸೇರಿಸಿದರೆ, ಏರುತ್ತದೆ. ಎರಡು, ಡಿಎಲ್‌ಎಂ ಕೈ ಹಾಕಿದೆ.

ಡಿಎಲ್‌ಎಂ ಅಂದರೆ ಲೈನನ್ನು ತಾನಾಗಿ ಗಮನಿಸುತ್ತಿರುವ ವ್ಯವಸ್ಥೆ. ಲೈನ್ ಎಷ್ಟು ಸಲ ಕಡಿಯಿತು, ಎಷ್ಟು ದೋಷ ಬಂತು ಅಂತ ಎಣಿಸುತ್ತದೆ. ಜಾಸ್ತಿ ಅನ್ನಿಸಿದರೆ ವೇಗ ತಗ್ಗಿಸಿ ಲೈನನ್ನು ಗಟ್ಟಿ ಮಾಡುತ್ತದೆ. ಎಡಿಎಸ್‌ಎಲ್‌ನಲ್ಲಿ ಮಾರ್ಜಿನ್ ಗುರಿಯನ್ನು 6ರಿಂದ 9, 12, 15 ಅಂತ ಏರಿಸುತ್ತದೆ. ಎಫ್‌ಟಿಟಿಸಿಯಲ್ಲಿ ಸಿಂಕಿಗೇ ಒಂದು ಮೇಲ್ಮಿತಿ ಹಾಕಿಬಿಡುತ್ತದೆ. ಹಾಗಾಗಿದ್ದರೆ ಗುರುತಿಸುವುದು ಸುಲಭ: ಅಟೇನಬಲ್ ರೇಟ್ ತುಂಬ ಮೇಲಿರುತ್ತದೆ, ಮಾರ್ಜಿನ್ ದೊಡ್ಡದಿರುತ್ತದೆ, ಎಷ್ಟು ಸಲ ರೀಸಿಂಕ್ ಆದರೂ ಸಿಂಕ್ ಮಾತ್ರ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತದೆ. ನಿಮ್ಮ ಪ್ಯಾಕೇಜಿನ ಮಿತಿಯೇ ಅದಲ್ಲ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ.

ವೇಗ ಬರಲಿ ಅಂತ ದಿನಕ್ಕೆ ಹತ್ತು ಸಲ ರೂಟರ್ ಆಫ್ ಆನ್ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ನಿಮ್ಮ ಕಣ್ಣಿಗೆ ಅದು ಪ್ರಯತ್ನ. ಡಿಎಲ್‌ಎಂ ಕಣ್ಣಿಗೆ ಅದು ಪದೇಪದೇ ಕಡಿಯುವ ಲೈನ್. ಅದು ಇನ್ನಷ್ಟು ತಗ್ಗಿಸುತ್ತದೆ. ಮಲಗುವಾಗ ಎಲ್ಲ ಸ್ವಿಚ್ ಆರಿಸುವುದು ನಮ್ಮ ಮನೆಗಳಲ್ಲಿ ಒಳ್ಳೆಯ ಅಭ್ಯಾಸವೇ. ರೂಟರ್ ಒಂದನ್ನು ಬಿಟ್ಟುಬಿಡಿ.

ಇನ್ನು ಮನೆಯೊಳಗೆ ನೋಡಬೇಕಾದ್ದು. ಮಾಸ್ಟರ್ ಸಾಕೆಟ್ (ಹೊರಗಿನ ಫೋನ್ ತಂತಿ ಮನೆಯೊಳಗೆ ಬಂದು ಸೇರುವ ಮುಖ್ಯ ಸಾಕೆಟ್) ಎರಡು ಭಾಗದ್ದಾಗಿದ್ದರೆ ಕೆಳಗಿನ ಫಲಕದ ಎರಡು ಸ್ಕ್ರೂ ಬಿಚ್ಚಿ. ಒಳಗೆ ಟೆಸ್ಟ್ ಸಾಕೆಟ್ ಇರುತ್ತದೆ. ರೂಟರನ್ನು ಅಗತ್ಯವಿದ್ದರೆ ಹೊಸ ಮೈಕ್ರೋಫಿಲ್ಟರ್ (ಫೋನನ್ನೂ ಬ್ರಾಡ್‌ಬ್ಯಾಂಡನ್ನೂ ಬೇರೆ ಮಾಡುವ ಪುಟ್ಟ ಡಬ್ಬಿ) ಮೂಲಕ ಅಲ್ಲಿಗೆ ಸೇರಿಸಿ. ಈಗ ಮನೆಯ ಉಳಿದ ಫೋನ್ ವೈರಿಂಗ್ ಎಲ್ಲ ಕಳಚಿಹೋಯಿತು. ಸಿಂಕ್ ಏರಿದರೆ ದೋಷ ನಿಮ್ಮ ಎಕ್ಸ್‌ಟೆನ್ಷನ್ ವೈರಿನಲ್ಲಿದೆ. ಹಳೆಯ ಮನೆಗಳಲ್ಲಿ ಫೋನಿನ ಗಂಟೆಗೆಂದು ಎಳೆದ ಮೂರನೇ ತಂತಿ ಗದ್ದಲ ಹಿಡಿದುಕೊಂಡು ಬರುವುದು ತೀರಾ ಸಾಮಾನ್ಯ. ಏರದಿದ್ದರೆ ದೋಷ ಹೊರಗಿದೆ.

ಲ್ಯಾಂಡ್‌ಲೈನ್ ಫೋನ್ ಇನ್ನೂ ಹಳೆಯ ಕ್ರಮದಲ್ಲಿ ಇದ್ದರೆ 17070ಕ್ಕೆ ಡಯಲ್ ಮಾಡಿ 2 ಒತ್ತಿ. ಕ್ವಯಟ್ ಲೈನ್ ಟೆಸ್ಟ್ ಅಂತ ಹೇಳಿ ಸುಮ್ಮನಾಗುತ್ತದೆ. ಆಗ ಚಟಪಟ, ಗುಂಯ್ ಏನು ಕೇಳಿದರೂ ತಂತಿಯಲ್ಲಿ ದೋಷವಿದೆ. ಅದನ್ನು ಫೋನ್ ದೋಷ ಅಂತಲೇ ದೂರು ಕೊಡಿ, ಬ್ರಾಡ್‌ಬ್ಯಾಂಡ್ ದೋಷ ಅಂತ ಕೊಟ್ಟರೆ ಜಾಸ್ತಿ ಎಳೆದಾಡುತ್ತದೆ. ಹಳೆಯ ಫೋನ್ ಜಾಲವನ್ನು 2027ರ ಜನವರಿಯೊಳಗೆ ಮುಚ್ಚುವ ಕೆಲಸ ನಡೆದಿದೆ. ಫೋನ್ ಈಗಾಗಲೇ ರೂಟರಿಗೆ ಸೇರಿದ್ದರೆ ಈ ಪರೀಕ್ಷೆ ನಿಮಗೆ ಸಿಗುವುದಿಲ್ಲ.

ಸಂಜೆ ಒಂದೇ ಹೊತ್ತಿಗೆ ಲೈನ್ ಬೀಳುತ್ತಿದ್ದರೆ ಒಂದು ಹಳೆಯ ಎಎಂ ರೇಡಿಯೋ ತೆಗೆದುಕೊಳ್ಳಿ. 612 ಕಿಲೋಹರ್ಟ್ಜ್ ಸುತ್ತ, ಯಾವ ನಿಲಯವೂ ಇಲ್ಲದ ಕಡೆ ನಿಲ್ಲಿಸಿ ಮನೆಯೆಲ್ಲ ಸುತ್ತಿ. ಕೆಟ್ಟ ಪವರ್ ಅಡಾಪ್ಟರ್, ಅಲಂಕಾರದ ದೀಪದ ಸರ, ಟಿವಿ ಹಿಂದಿನ ಡಬ್ಬಿ, ಗದ್ದಲ ಮಾಡುವುದು ಯಾವುದೋ ಅದರ ಹತ್ತಿರ ರೇಡಿಯೋ ಜೋರಾಗಿ ಗುಂಯ್‌ಗುಡುತ್ತದೆ.

ಎರಡೂ ಸರಿ, ಟೆಸ್ಟ್ ಮಾತ್ರ ಕಡಿಮೆ

ಸಿಂಕ್ ಸರಿ, ಪ್ರೊಫೈಲೂ ಅದರ ಲೆಕ್ಕಕ್ಕೆ ಸರಿ, ಕೇಬಲ್ ಮೇಲಿನ ಟೆಸ್ಟ್ ಮಾತ್ರ ಕಡಿಮೆ. ಬೆಳಿಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಮಾಡಿ ನೋಡಿ. ಬೆಳಿಗ್ಗೆ ಪೂರ್ತಿ ಬಂದು ರಾತ್ರಿ ಅರ್ಧವಾದರೆ ಅದು ದಟ್ಟಣೆ. ಲೈನಿಗೆ ಎಂಜಿನಿಯರ್ ಬಂದರೂ ಉಪಯೋಗವಿಲ್ಲ. ಯಾವ ಹೊತ್ತಿನಲ್ಲೂ ಒಂದೇ ಸಂಖ್ಯೆಗೆ ನಿಂತರೆ, ಕೆಲವು ಕಂಪನಿಗಳು ತಮ್ಮ ಕಡೆಯೂ ಒಂದು ಲೈನ್ ಸ್ಪೀಡ್ ದಾಖಲೆ ಇಟ್ಟುಕೊಂಡಿರುತ್ತವೆ, ಅದು ಹಳೆಯದಾಗಿರಬಹುದು. ಐಪಿ ಪ್ರೊಫೈಲ್ ಸರಿ ಇದೆ, ನಿಮ್ಮ ಕಡೆಯ ದಾಖಲೆ ಎಷ್ಟಿದೆ ಅಂತ ನೇರವಾಗಿ ಕೇಳಿ.

ಫೋನಿನಲ್ಲಿ ಏನು ಹೇಳಬೇಕು

"ನಮ್ಮ ಇಂಟರ್‌ನೆಟ್ ಸ್ಲೋ" ಅಂತ ಶುರು ಮಾಡಿದರೆ ಆ ಕಡೆಯವರು ಪಟ್ಟಿಯ ಮೊದಲ ಸಾಲಿನಿಂದ ಶುರು ಮಾಡುತ್ತಾರೆ, ಅದು ವೈಫೈ. ಹೀಗೆ ಹೇಳಿ: "ಸಿಂಕ್ 52,396. ಅದಕ್ಕೆ ಪ್ರೊಫೈಲ್ 50.71 ಇರಬೇಕು, 23.42 ಇದೆ. ಸೆಷನ್ ಹೊಸದಾಗಿ ಮಾಡಿದ್ದೇನೆ, ಬದಲಾಗಿಲ್ಲ. ಟೆಸ್ಟ್ ಕೇಬಲ್ ಮೇಲೆ ಮಾಡಿದ್ದು." ಎದುರಿಗಿರುವವರಿಗೆ ಇದರ ಅರ್ಥ ಆಗದಿದ್ದರೆ ಫಾಲ್ಟ್ ವಿಭಾಗಕ್ಕೆ ಕೊಡಿ ಅಂತ ವಿನಯವಾಗಿ ಕೇಳಿ. ದೂರಿನ ಸಂಖ್ಯೆಯನ್ನೂ ತಾರೀಖನ್ನೂ ಬರೆದಿಟ್ಟುಕೊಳ್ಳಿ.

ತಾರೀಖು ಯಾಕೆ ಅಂದರೆ, ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ ಬ್ರಾಡ್‌ಬ್ಯಾಂಡ್ ವೇಗದ ನೀತಿಗೆ ಸಹಿ ಹಾಕಿದ ಕಂಪನಿಗಳು 2019ರ ಮಾರ್ಚ್‌ನಿಂದ ಗ್ರಾಹಕರಿಗೆ ಕನಿಷ್ಠ ಖಾತರಿ ಡೌನ್‌ಲೋಡ್ ವೇಗ ಇಷ್ಟು ಅಂತ ಸೇವೆ ಕೊಡುವ ಮೊದಲೇ ಹೇಳಬೇಕು. ಅದು ನಿಮ್ಮ ಕರಾರಿನಲ್ಲಿರುತ್ತದೆ. ವೇಗ ಅದಕ್ಕಿಂತ ಕೆಳಗೆ ಬಿದ್ದು, ದೂರು ಕೊಟ್ಟ 30 ದಿನದೊಳಗೆ ಅವರು ಸರಿ ಮಾಡದಿದ್ದರೆ ದಂಡ ಕಟ್ಟದೆ ಆ ಕರಾರು ಬಿಟ್ಟು ಹೊರಬರಬಹುದು.